ಅಳಿಸುವ ಕೈಗೊಂದು ಬಿನ್ನವತ್ತಳೆ

ಮಹನೀಯರೇ,

ಬರೆಯುವ ಕೈಯನ್ನು ನಮ್ಮ ನಾಡು ಸಾವಿರ ವರ್ಷಗಳಿಂದ ಸನ್ಮಾನಿಸುತ್ತಲೇ ಬಂದಿದೆ. ಶಾಸನ ಬರೆದವನಿಗೆ ಉಂಬಳಿ ಕೊಟ್ಟಿದೆ, ಕಾವ್ಯ ಬರೆದವನನ್ನು ಆಸ್ಥಾನದಲ್ಲಿ ಕೂರಿಸಿಕೊಂಡಿದೆ, ಇವತ್ತಿಗೂ ನಾಲ್ಕಕ್ಷರ ಬರೆದವರು ಸಿಕ್ಕರೆ ಸಾಕು, ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ಕೈಗಿತ್ತು ಫೋಟೋ ತೆಗೆಸುತ್ತದೆ. ಬರೆದದ್ದನ್ನು ಸದ್ದಿಲ್ಲದೆ ಅಳಿಸಿದ ಕೈಗೆ ಮಾತ್ರ ಇದುವರೆಗೆ ಒಂದು ಸೇವಂತಿಗೆ ಎಸಳನ್ನೂ ಯಾರೂ ಅರ್ಪಿಸಿಲ್ಲ. ಈ ಕೃತಘ್ನತೆಯ ಕಳಂಕವನ್ನು ತೊಳೆಯಲೆಂದು, ಮತದಾರರ ಪಟ್ಟಿಯೆಂಬ ಮಹಾಗ್ರಂಥದ ಭಾರವನ್ನು ಕಾಲಕಾಲಕ್ಕೆ ಇಳಿಸುತ್ತಾ, ಪ್ರಜಾಪ್ರಭುತ್ವವನ್ನು ಪ್ರಜೆಗಳ ನೂಕುನುಗ್ಗಲಿನಿಂದ ಕಾಪಾಡುತ್ತಾ, ಪ್ರಶಂಸೆಯನ್ನು ಬಯಸದೆ, ಪ್ರಶ್ನೆಯನ್ನಂತೂ ಕನಸಿನಲ್ಲಿಯೂ ಬಯಸದೆ ದುಡಿಯುತ್ತಿರುವ ತಮಗೆ, ಈ ಕೆಳಗೆ ಸಹಿ ಮಾಡಿರುವ ನಾಗರಿಕರಾದ ನಾವು ಈ ಬಿನ್ನವತ್ತಳೆಯನ್ನು ವಿನಯಪೂರ್ವಕವಾಗಿ ಸಮರ್ಪಿಸುತ್ತಿದ್ದೇವೆ.

ತಮ್ಮ ಎತ್ತರವನ್ನು ಅಳೆಯಬೇಕಾದರೆ ತಮ್ಮ ಹಿಂದಿನವರು ಎಷ್ಟು ಕುಳ್ಳರಾಗಿದ್ದರೆಂದು ಮೊದಲು ನೋಡಬೇಕು. 1951–52ರ ಮೊದಲ ಮಹಾಚುನಾವಣೆಯಲ್ಲಿ, ಸುಕುಮಾರ್ ಸೇನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯ ಆ ತಾಯಂದಿರು ಹೊರಗಿನವರ ಮುಂದೆ ಹೆಸರು ಹೇಳಲು ನಾಚಿಕೊಂಡು ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಬರೆಸಿದ್ದರು. ಸಂಖ್ಯೆಯೇನೋ ಗೌರವಾರ್ಹವೇ. ಆದರೆ ಅದರ ಹಿಂದೆ ಕಲೆ ಇರಲಿಲ್ಲ. ಅಳಿಸಿದ ಮೇಲೆ ಸೇನ್ ಸುಮ್ಮನಿರಬೇಕಿತ್ತು. ಅದನ್ನೊಂದು ಲೋಪವೆಂದು ಬಗೆದು, ಹೆಸರು ಹೇಳಿರಮ್ಮಾ ಎಂದು ಪ್ರಚಾರ ಮಾಡಿಸಿ, ಮುಂದಿನ ಚುನಾವಣೆಯ ಹೊತ್ತಿಗೆ ಅವರಲ್ಲಿ ಅನೇಕರನ್ನು ಪಟ್ಟಿಗೆ ಮರಳಿ ಕರೆತಂದರು. ಹೋದವರನ್ನು ಹೋಗಗೊಡದ ಈ ಮೋಹ ಅಂದಿನ ಪೀಳಿಗೆಯ ದೌರ್ಬಲ್ಯ. ತಾವು ಅದನ್ನು ಗೆದ್ದಿದ್ದೀರಿ.

ನಡುವೆ ತಮ್ಮ ವಂಶಕ್ಕೊಂದು ಅವಮಾನವೂ ಆಯಿತು. 1990ರ ದಶಕದ ಮೊದಲಲ್ಲಿ ದೆಹಲಿ, ಮುಂಬೈಗಳ ಕೆಲವು ಬಡಾವಣೆಗಳ ಮತದಾರರಿಗೆ, ನೀವು ಭಾರತೀಯರೆಂದು ನೀವೇ ತೋರಿಸಿಕೊಡಿ ಎಂಬ ನೋಟಿಸುಗಳು ಹೋಗಿದ್ದವು. ಪೊಲೀಸರ ವರದಿಯೇ ಅದಕ್ಕೆ ಆಧಾರ. ಎಂಥ ಅಚ್ಚುಕಟ್ಟಾದ ಏರ್ಪಾಡು! ಆದರೆ 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿಬಿಟ್ಟಿತು. ಹೆಸರು ಒಮ್ಮೆ ಪಟ್ಟಿಯಲ್ಲಿದೆಯೆಂದರೆ ಅದನ್ನು ವಿಚಾರಿಸಿಯೇ ಸೇರಿಸಿದ್ದಾರೆಂದು ತಿಳಿಯಬೇಕಂತೆ, ತೆಗೆಯಬೇಕೆನ್ನುವವನೇ ಕಾರಣ ತೋರಿಸಬೇಕಂತೆ, ಅದಕ್ಕೂ ಮೊದಲು ಮತದಾರನ ಮಾತನ್ನು ಕೇಳಬೇಕಂತೆ, ಅವನು ತಂದ ದಾಖಲೆ ಯಾವುದೇ ಆದರೂ ಅದನ್ನು ನೋಡಬೇಕಂತೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 22ನೆಯ ಕಲಮಿನಲ್ಲಿಯೂ ಕೇಳದೆ ತೆಗೆಯಬಾರದೆಂಬ ಇಂಥದ್ದೇ ಒಂದು ಮುಜುಗರದ ವಾಕ್ಯವಿದೆ. ಇಷ್ಟೆಲ್ಲ ಕೇಳುತ್ತಾ ಕೂತರೆ ಕೈ ಅಳಿಸುವುದು ಯಾವಾಗ? ತಮ್ಮ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಅಂದೇ ರಬ್ಬರನ್ನು ಬದಿಗಿಟ್ಟು ಕಾಶಿಗೆ ಹೊರಟುಬಿಡುತ್ತಿದ್ದರು. ತಾವು ತಾಳ್ಮೆಯಿಂದ ಕಾದಿರಿ.

ಆ ತಾಳ್ಮೆಗೆ ಫಲ ಸಿಕ್ಕಿದ್ದು 2025ರ ಜೂನ್ 24ರಂದು, ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯ ಆದೇಶ ಹೊರಬಿದ್ದ ಆ ಮಂಗಳದಿನ. 7.89 ಕೋಟಿ ಮತದಾರರು, ಒಂದು ತಿಂಗಳ ಗಡುವು. ಮುಹೂರ್ತದ ಆಯ್ಕೆಯನ್ನು ನೋಡಿಯೇ ನಾವು ಬೆರಗಾದೆವು. ಕೋಸಿ, ಗಂಡಕಿ ನದಿಗಳು ದಡ ಮೀರುವ ಮಳೆಗಾಲ. ಮನೆಯ ದುಡಿಯುವ ಗಂಡಾಳುಗಳು ಪಂಜಾಬದ ನಾಟಿ ಗದ್ದೆಯಲ್ಲೋ, ಸೂರತ್ತಿನ ಮಗ್ಗದ ಮುಂದೋ, ನಮ್ಮ ಬೆಂಗಳೂರಿನ ಕಟ್ಟಡಗಳ ಹನ್ನೆರಡನೆಯ ಮಹಡಿಯ ಸಾರುವೆಯ ಮೇಲೋ ಇರುವ ಕಾಲ. ಮನೆಯಲ್ಲಿ ಎಲ್ಲರೂ ಇರುವಾಗ ಹೋಗಿ ಎಣಿಸುವುದನ್ನು ಯಾವ ಗುಮಾಸ್ತನಾದರೂ ಮಾಡಿಯಾನು. ಯಾರೂ ಇಲ್ಲದಾಗ ಬಾಗಿಲು ತಟ್ಟಿ, ಇಲ್ಲದಿರುವಿಕೆಯನ್ನೇ ಎಣಿಸಿಕೊಂಡು ಬರುವುದಕ್ಕೆ ಋಷಿಯ ಕಣ್ಣು ಬೇಕು.

ಇನ್ನು ದಾಖಲೆಗಳ ವಿಷಯ. 2003ರ ಪಟ್ಟಿಯಲ್ಲಿ ಹೆಸರಿಲ್ಲದವರು ತೋರಿಸಬೇಕಾಗಿದ್ದ 11 ದಾಖಲೆಗಳ ಆ ಮಾಲೆಯನ್ನು ಕೋದ ಬೆರಳುಗಳಿಗೆ ನಾವು ವಜ್ರದುಂಗುರ ತೊಡಿಸಬೇಕು. ಜನರ ಹತ್ತಿರ ಇರುವ ಕಾಗದಗಳನ್ನು ಕೇಳಿದ್ದರೆ ಅದರಲ್ಲೇನು ಸ್ವಾರಸ್ಯ? ಹೆಚ್ಚುಕಡಿಮೆ ಎಲ್ಲರ ಪೆಟ್ಟಿಗೆಯಲ್ಲೂ ಇರುವ ಆಧಾರ್ ಆ ಮಾಲೆಯಲ್ಲಿರಲಿಲ್ಲ. ಪಡಿತರ ಚೀಟಿ ಇರಲಿಲ್ಲ. ಚುನಾವಣಾ ಆಯೋಗವೇ ಅಚ್ಚುಹಾಕಿಸಿ, ಹೊಳೆಯುವ ಮುದ್ರೆ ಒತ್ತಿ, ಇದೇ ನಿನ್ನ ಗುರುತು ಎಂದು ಕೈಗೆ ಕೊಟ್ಟಿದ್ದ ಮತದಾರರ ಗುರುತಿನ ಚೀಟಿಯೂ ಇರಲಿಲ್ಲ. ತಾನು ಕೊಟ್ಟದ್ದನ್ನು ತಾನೇ ನಂಬದಿರುವ ಈ ವೈರಾಗ್ಯ ದೊಡ್ಡ ದೊಡ್ಡ ಮಠಗಳಲ್ಲಿಯೂ ಕಾಣಸಿಗುವುದಿಲ್ಲ. ಅದೇ ಮಾಲೆಯಲ್ಲಿ ರಾಷ್ಟ್ರೀಯ ಪೌರತ್ವ ನೋಂದಣಿಯನ್ನು, ‘ಎಲ್ಲಿ ಇದೆಯೋ ಅಲ್ಲಿ’ ಎಂಬ ಉದಾರವಾದ ಷರತ್ತಿನೊಂದಿಗೆ, ಮುತ್ತಿನಂತೆ ಪೋಣಿಸಲಾಗಿತ್ತು. ಬಿಹಾರದಲ್ಲಿ ಅದು ಇಲ್ಲ. ಇಲ್ಲದ ದಾಖಲೆಯೊಂದನ್ನು ಬಡವರಿಗೂ ಶ್ರೀಮಂತರಿಗೂ ಸರಿಸಮನಾಗಿ ಹಂಚುವುದಕ್ಕಿಂತ ಮಿಗಿಲಾದ ಸಮಾನತೆ ಇನ್ನೆಲ್ಲಿದೆ?

ಈ ಮಾಲೆಯಲ್ಲಿದ್ದ ಇನ್ನೊಂದು ರತ್ನ ವಾಸಸ್ಥಳದ ಪ್ರಮಾಣಪತ್ರ. ಅದರ ಕಟ್ಟುನಿಟ್ಟು ಎಂಥದ್ದೆಂದು ಸಂಶಯಪಡುವವರಿಗೆ ಪಟ್ನಾ ಜಿಲ್ಲೆಯ ಮಸೌಢಿಯೇ ಉತ್ತರ. ಅದೇ ವರ್ಷದ ಜುಲೈನಲ್ಲಿ ಅಲ್ಲಿ ‘ಡಾಗ್ ಬಾಬು’ ಎಂಬುವವರಿಗೆ, ತಂದೆಯ ಹೆಸರು ‘ಕುತ್ತಾ ಬಾಬು’ ಎಂದು ನಮೂದಿಸಿ, ಒಂದು ನಾಯಿಯ ಭಾವಚಿತ್ರ ಅಂಟಿಸಿ, ಡಿಜಿಟಲ್ ಸಹಿಯ ಸಮೇತ ಪ್ರಮಾಣಪತ್ರ ದಯಪಾಲಿಸಲಾಯಿತು. ಸುದ್ದಿಯಾದ ಮೇಲೆ ಅದನ್ನು ರದ್ದುಮಾಡಿ, ಪೊಲೀಸರಿಗೆ ದೂರು ಕೊಟ್ಟರಂತೆ. ನಾವಾದರೋ ಇದರಲ್ಲಿ ದೋಷವನ್ನೇನೂ ಕಾಣೆವು. ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಹೋಗಲೊಪ್ಪದ ದೇಶ ಇದು. ಆ ನಾಯಿ ಅಲ್ಲೇ ಹುಟ್ಟಿದೆ, ಅಲ್ಲೇ ವಾಸಿಸುತ್ತಿದೆ, ದುಡಿಯಲು ಸೂರತ್ತಿಗೆ ಹೋಗಿಲ್ಲ, ಬಾಗಿಲು ತಟ್ಟಿದರೆ ಎದ್ದು ಉತ್ತರವನ್ನೂ ಕೊಡುತ್ತದೆ.

ಆಗಸ್ಟ್ 1ರಂದು ಕರಡು ಪಟ್ಟಿ ಹೊರಬಂದಾಗ ಅದರಲ್ಲಿ 7.24 ಕೋಟಿ ಹೆಸರುಗಳಿದ್ದವು. ಸುಮಾರು 65 ಲಕ್ಷ ಇರಲಿಲ್ಲ. 22 ಲಕ್ಷ ಮಂದಿ ತೀರಿಕೊಂಡಿದ್ದಾರೆ, 36 ಲಕ್ಷ ಮಂದಿ ಊರು ಬಿಟ್ಟಿದ್ದಾರೆ ಇಲ್ಲವೇ ಸಿಕ್ಕಿಲ್ಲ, 7 ಲಕ್ಷ ಮಂದಿ ಎರಡು ಕಡೆ ಇದ್ದಾರೆ ಎಂಬ ಮೂರು ರಾಶಿಗಳ ಲೆಕ್ಕ ಬಂತು. ಈ ರಾಶಿಗಳಲ್ಲಿ ನಿಜವಾಗಿ ತೀರಿಕೊಂಡವರೂ ನಿಜವಾಗಿ ಊರು ಬಿಟ್ಟವರೂ ಲಕ್ಷಗಟ್ಟಲೆ ಇದ್ದಿರಲೇಬೇಕು. ಅವರನ್ನು ತೆಗೆಯುವುದು ಎಲ್ಲ ಪಟ್ಟಿಗಳೂ ಮಾಡುವ ದಿನಚರಿಯ ಕೆಲಸವಾದ್ದರಿಂದ ಅದಕ್ಕೆ ಬಿನ್ನವತ್ತಳೆಯ ಅಗತ್ಯವಿಲ್ಲ. ತಮ್ಮ ಪ್ರತಿಭೆ ಬೆಳಗಿದ್ದು ಮಿಕ್ಕವರಲ್ಲಿ. ಚಿತ್ರಗುಪ್ತ ಇಂದಿಗೂ ಒಬ್ಬೊಬ್ಬರ ಕಡತವನ್ನೇ ತೆಗೆದು, ಪುಟ ಮಗುಚಿ, ಪಾಪಪುಣ್ಯ ತೂಗಿ, ಆಮೇಲೆ ದೂತರನ್ನು ಕಳಿಸುತ್ತಾನೆ. ಪಾಪ, ಹಳೆಯ ಪದ್ಧತಿಯವನು. ತಾವು ದೂತರನ್ನು ಕಳಿಸುವ ಮೊದಲೇ ಕಡತವನ್ನು ಮುಚ್ಚುತ್ತೀರಿ. ಆಗಸ್ಟ್ 12ರಂದು ಸುಪ್ರೀಂ ಕೋರ್ಟಿನಲ್ಲಿ, ಪರಿಷ್ಕರಣೆಯನ್ನು ಪ್ರಶ್ನಿಸಿದ ಅರ್ಜಿದಾರರಲ್ಲೊಬ್ಬರಾದ ಯೋಗೇಂದ್ರ ಯಾದವ್ ಅವರು, ಪಟ್ಟಿಯ ಪ್ರಕಾರ ತೀರಿಕೊಂಡಿದ್ದ ಇಬ್ಬರನ್ನು ಕರೆತಂದು ನ್ಯಾಯಮೂರ್ತಿಗಳ ಮುಂದೆ ನಿಲ್ಲಿಸಿದರು. ಸತ್ಯವಾನನನ್ನು ಯಮನ ಕೈಯಿಂದ ಬಿಡಿಸಿಕೊಂಡು ಬರಲು ಸಾವಿತ್ರಿಗೆ ಪಾತಿವ್ರತ್ಯ ಬೇಕಾಗಿತ್ತು. ಇವರಿಗೆ ದೆಹಲಿಗೆ ರೈಲು ಟಿಕೆಟು ಸಾಕಾಯಿತು. ಇಂಥ ಬೃಹತ್ ಕಾರ್ಯದಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಸಹಜವೆಂದು ಆಯೋಗದ ಪರ ವಕೀಲರು ವಾದಿಸಿದರು. ತಪ್ಪು ಯಾರದೆಂಬುದರಲ್ಲಿ ನಮಗೆ ಗೊಂದಲವಿಲ್ಲ. ಸರ್ಕಾರಿ ದಾಖಲೆಯಲ್ಲಿ ಸತ್ತ ಮೇಲೂ ಉಸಿರಾಡುತ್ತಿದ್ದವರದೇ ತಪ್ಪು.

ಇಲ್ಲೊಂದು ಸಣ್ಣ ಸ್ವಂತ ವಿಷಯ ಹೇಳಿಕೊಳ್ಳಲು ಅಪ್ಪಣೆಯಾಗಬೇಕು. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜ ತೀರಿಕೊಂಡು ಒಂಬತ್ತು ವರ್ಷವಾಯಿತು. ವೈಕುಂಠ ಸಮಾರಾಧನೆಯಲ್ಲಿ ನಾನೇ ಎರಡು ಹೋಳಿಗೆ ಉಂಡು ಬಂದಿದ್ದೇನೆ. ಆದರೆ ಪಟ್ಟಿಯಲ್ಲಿ ಅವರು ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಪ್ರತಿ ಪರಿಷ್ಕರಣೆಗೂ ವಯಸ್ಸಿಗೆ ತಕ್ಕ ಹಾಗೆ ಅಂಕಿ ಏರುತ್ತಿದೆ. ದಿನಾ ಬೆಳಿಗ್ಗೆ ಅದೇ ಮನೆಯ ಮುಂದೆ ರಂಗೋಲಿ ಬಿಡುವ ಅವರ ಸೊಸೆ ಮಾತ್ರ ಕಳೆದ ಸಲ ಮತಗಟ್ಟೆಗೆ ಹೋಗಿ, ಹೆಸರಿಲ್ಲವೆಂದು ವಾಪಸು ಬಂದರು. ಹಿರಿಯರನ್ನು ಹೀಗೆ ಉಳಿಸಿಕೊಳ್ಳುವ ಭಕ್ತಿ ಈ ಕಾಲದಲ್ಲಿ ಯಾರಿಗಿದೆ?

ಬಿಹಾರಕ್ಕೆ ಮರಳೋಣ. ಕೇಳದೆ ಯಾರ ಹೆಸರನ್ನೂ ತೆಗೆಯುವುದಿಲ್ಲ; ನೋಟಿಸು, ವಿಚಾರಣೆ, ಕಾರಣ ಸಹಿತ ಆದೇಶ ಮೂರೂ ಆಗದೆ ತೆಗೆಯುವುದಿಲ್ಲ ಎಂದು ಆಯೋಗ ನ್ಯಾಯಾಲಯಕ್ಕೆ ಮಾತು ಕೊಟ್ಟಿತು. ಹಾಗಾದರೆ ಈ 65 ಲಕ್ಷ ಮಂದಿಗೆ ನೋಟಿಸು ಎಲ್ಲಿ ಎಂದು ಅವಸರದ ಜನ ಕೇಳಿದರು. ಅಯ್ಯಾ, ಅವರನ್ನು ತೆಗೆದಿದ್ದರಲ್ಲವೇ ನೋಟಿಸು? ಅವರನ್ನು ತೆಗೆದಿಲ್ಲ, ಸೇರಿಸಿಲ್ಲ, ಅಷ್ಟೆ. ಜನವರಿಯ ಪಟ್ಟಿಯಲ್ಲಿದ್ದು ಆಗಸ್ಟಿನ ಪಟ್ಟಿಯಲ್ಲಿ ಇಲ್ಲದವನನ್ನು ‘ತೆಗೆದುಹಾಕಿದವನು’ ಎನ್ನಲು ಒಪ್ಪದ, ‘ಸೇರದೆ ಉಳಿದವನು’ ಎಂದು ಕರೆಯುವ ಈ ಸೂಕ್ಷ್ಮವನ್ನು ಕಂಡು ನಮ್ಮ ಪ್ರಾಚೀನ ತಾರ್ಕಿಕರೆಲ್ಲ ತಲೆಬಾಗಿದ್ದಾರು. ಊಟಕ್ಕೆ ಕೂತವನ ಮುಂದಿನ ಎಲೆಯನ್ನು ಯಾರೂ ಎತ್ತಲಿಲ್ಲ. ಮುಂದಿನ ಪಂಕ್ತಿಗೆ ಅವನಿಗೆ ಎಲೆ ಹಾಕಲಿಲ್ಲ. ಹಸಿದ ಹೊಟ್ಟೆಗೆ ಎರಡೂ ಒಂದೇ ಅನ್ನಿಸಬಹುದು. ಶಾಸ್ತ್ರಕ್ಕೆ ಹಸಿವಿಲ್ಲವಲ್ಲ.

ಹಾಗೆ ಸೇರದೆ ಉಳಿದವರ ಹೆಸರುಗಳನ್ನಾದರೂ ಕಾರಣದ ಜೊತೆ ಪ್ರಕಟಿಸಿ ಎಂದು ಎಡಿಆರ್ ಎಂಬ ಸಂಸ್ಥೆ ಕೋರ್ಟಿನಲ್ಲಿ ಪಟ್ಟುಹಿಡಿಯಿತು. ಅಂಥ ಪ್ರತ್ಯೇಕ ಪಟ್ಟಿಯನ್ನು ಕೊಡಬೇಕೆಂದು ನಿಯಮದಲ್ಲಿಲ್ಲ ಎಂದು ಆಯೋಗ ಪ್ರಮಾಣಪತ್ರ ಸಲ್ಲಿಸಿತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ದಾನದ ವಿಷಯದಲ್ಲಿ ಹಿರಿಯರು ಹೇಳುತ್ತಾರೆ. ಬಲಗೈ ಕಿತ್ತುಕೊಂಡದ್ದೂ ಎಡಗೈಗೆ ತಿಳಿಯಬಾರದೆಂಬ ಮಟ್ಟಕ್ಕೆ ಆ ವಿನಯವನ್ನು ಏರಿಸಿದವರು ತಾವು. ಅದೇ ದಿನಗಳಲ್ಲಿ, ಕಂಪ್ಯೂಟರಿನಲ್ಲಿ ಹುಡುಕಬಹುದಾಗಿದ್ದ ಕರಡು ಪಟ್ಟಿಯ ಜಾಗದಲ್ಲಿ ಹುಡುಕಲಾಗದ ಸ್ಕ್ಯಾನ್ ಚಿತ್ರಗಳು ಬಂದು ಕೂತವೆಂದು ಪತ್ರಿಕೆಗಳು ವರದಿ ಮಾಡಿದವು. ಕೋಟಿಗಟ್ಟಲೆ ಹೆಸರುಗಳ ನಡುವೆ ತನ್ನ ಹೆಸರನ್ನು ಬೆರಳಿಟ್ಟು ಸಾಲುಸಾಲಾಗಿ ಹುಡುಕುವುದರಿಂದ ನಾಗರಿಕನಿಗೆ ನೆರೆಹೊರೆಯವರ ಪರಿಚಯವಾಗುತ್ತದೆ, ಓದುವ ಅಭ್ಯಾಸ ಬೆಳೆಯುತ್ತದೆ, ಅಹಂಕಾರ ಕರಗುತ್ತದೆ.

ಆದರೆ ಸುಖ ಬಹಳ ದಿನ ಇರಲಿಲ್ಲ. ಆಗಸ್ಟ್ 14ರಂದು ನ್ಯಾಯಮೂರ್ತಿಗಳಾದ ಸೂರ್ಯಕಾಂತ್ ಮತ್ತು ಜೊಯ್‌ಮಾಲ್ಯ ಬಾಗ್ಚಿ ಅವರ ಪೀಠ, 65 ಲಕ್ಷ ಹೆಸರುಗಳನ್ನೂ ಬೂತುವಾರು, ಕಾರಣ ಸಹಿತವಾಗಿ, ಹುಡುಕಲು ಬರುವಂತೆ ಪ್ರಕಟಿಸಿ ಎಂದಿತು. ನಿಯಮದಲ್ಲಿಲ್ಲದ ಆ ಪಟ್ಟಿ ಕೆಲವೇ ದಿನಗಳಲ್ಲಿ ಸಿದ್ಧವಾಗಿ ಬಂತು. ಸೆಪ್ಟೆಂಬರ್ 8ರಂದು, ಗುರುತಿನ ಮಟ್ಟಿಗೆ ಆಧಾರನ್ನು 12ನೆಯ ದಾಖಲೆಯಾಗಿ ಸ್ವೀಕರಿಸಿ ಎಂಬ ಇನ್ನೊಂದು ಆದೇಶ. ಜುಲೈ 10ರಂದೇ ನ್ಯಾಯಾಲಯ ಆಧಾರ್, ಪಡಿತರ ಚೀಟಿ, ಮತದಾರರ ಚೀಟಿಗಳನ್ನು ಪರಿಗಣಿಸಬಹುದಲ್ಲ ಎಂದು ಮೆಲ್ಲಗೆ ಸೂಚಿಸಿತ್ತು. ದೊಡ್ಡವರ ಸೂಚನೆಯನ್ನು ಮೊದಲ ಸಲಕ್ಕೇ ಒಪ್ಪಿಬಿಟ್ಟರೆ ಅದಕ್ಕೆ ಬೆಲೆ ಇರುವುದಿಲ್ಲವೆಂಬ ಲೋಕಜ್ಞಾನದಿಂದ ಎರಡು ತಿಂಗಳು ಕಾಯ್ದ ಆ ಸಂಯಮಕ್ಕೆ ನಮ್ಮ ನಮನ.

ಸೆಪ್ಟೆಂಬರ್ 30ಕ್ಕೆ ಅಂತಿಮ ಪಟ್ಟಿ ಬಂತು: 7.42 ಕೋಟಿ. ಇನ್ನೂ 3.66 ಲಕ್ಷ ಹೆಸರುಗಳು ಹೋಗಿದ್ದವು, 21.53 ಲಕ್ಷ ಸೇರಿದ್ದವು. ಅಕ್ರಮ ವಿದೇಶಿಯರನ್ನು ಹುಡುಕಿ ತೆಗೆಯುವುದು ಈ ಯಜ್ಞದ ಒಂದು ಸಂಕಲ್ಪವೆಂದು ಮೊದಲಿಂದ ಕೇಳಿದ್ದೆವು. ಅಂತಿಮ ಪಟ್ಟಿ ಪ್ರಕಟಿಸುವಾಗ ಅಂಥವರು ಎಷ್ಟು ಸಿಕ್ಕರೆಂಬ ಲೆಕ್ಕವನ್ನು ಆಯೋಗ ಕೊಡಲಿಲ್ಲ. ಅತಿಥಿಗಳನ್ನು ಎಣಿಸಬಾರದೆಂಬ ಸಂಸ್ಕಾರ. ಇಡೀ ಪರಿಷ್ಕರಣೆಯೇ ಕಾನೂನುಬದ್ಧವೇ ಎಂಬ ಮೂಲ ಪ್ರಶ್ನೆಯ ವಿಚಾರಣೆ ನ್ಯಾಯಾಲಯದಲ್ಲಿ ಇನ್ನೂ ನಡೆಯುತ್ತಿರುವಾಗಲೇ ನವೆಂಬರ್ 6 ಮತ್ತು 11ರಂದು ಬಿಹಾರ ವಿಧಾನಸಭಾ ಚುನಾವಣೆಯ ಮತದಾನ ಮುಗಿದು, 14ರಂದು ಫಲಿತಾಂಶವೂ ಬಂದಾಯಿತು. ಮದುವೆ ಮುಗಿಸಿ ಆಮೇಲೆ ಜಾತಕ ನೋಡುವ ಈ ಕ್ರಮದಲ್ಲಿ ಜಾತಕ ಕೂಡದೆ ಮದುವೆ ಮುರಿಯುವ ಭಯವೇ ಇಲ್ಲ.

ತಮ್ಮ ಖ್ಯಾತಿ ಕಡಲಾಚೆಗೂ ಇದೆಯೆಂಬುದನ್ನು ಇಲ್ಲಿ ಸ್ಮರಿಸಬೇಕು. ಅಮೆರಿಕದ ಓಹಾಯೋ ರಾಜ್ಯದಲ್ಲಿ ಎರಡು ವರ್ಷ ಮತ ಹಾಕದೆ ಕೂತವನ ಮನೆಗೆ ಒಂದು ಕಾರ್ಡು ಹೋಗುತ್ತದೆ. ಅದಕ್ಕೆ ಉತ್ತರಿಸದೆ, ಇನ್ನೂ ನಾಲ್ಕು ವರ್ಷ ಮತ ಹಾಕದಿದ್ದರೆ ಹೆಸರು ಮಾಯ. 2012ರಲ್ಲಿ ಇಂಥ ಸುಮಾರು 15 ಲಕ್ಷ ಕಾರ್ಡುಗಳು ಹೊರಟವು. 10 ಲಕ್ಷಕ್ಕೂ ಹೆಚ್ಚು ಮಂದಿ ಉತ್ತರಿಸಲಿಲ್ಲ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಈ ಪದ್ಧತಿಯನ್ನು ಎತ್ತಿಹಿಡಿಯಿತು. ಅಂಚೆಯಲ್ಲಿ ಬಂದ ರದ್ದಿಯ ಜೊತೆ ಕಾರ್ಡನ್ನೂ ಬುಟ್ಟಿಗೆ ಹಾಕಿದವನ ಮೌನದಿಂದ, ಅವನು ಮನೆ ಬದಲಿಸಿದ್ದಾನೆಂಬ ಸತ್ಯವನ್ನು ಓದಿ ತೆಗೆದರಲ್ಲ, ಅದು ವಿದ್ವತ್ತು. ಮೌನಂ ಸಮ್ಮತಿಲಕ್ಷಣಂ ಎಂದು ನಮ್ಮ ಹಿರಿಯರು ಹೇಳಿ ನಿಲ್ಲಿಸಿದ್ದರು. ಮೌನಂ ಮರಣಲಕ್ಷಣಂ, ಮೌನಂ ವಲಸೆಲಕ್ಷಣಂ ಎಂಬ ಉತ್ತರಾರ್ಧವನ್ನು ಎರಡು ಖಂಡಗಳಲ್ಲಿ ಏಕಕಾಲಕ್ಕೆ ಪೂರೈಸಿದ ಕೀರ್ತಿ ತಮ್ಮ ಕುಲದ್ದು.

ಇಷ್ಟಾದರೂ ಕನ್ನಡಿಗರಾದ ನಮಗೆ ಹೆಮ್ಮೆ ಹೆಚ್ಚು ಉಕ್ಕುವುದು ಕಲಬುರಗಿ ಜಿಲ್ಲೆಯ ಆಳಂದದ ಹೆಸರು ಕೇಳಿದಾಗ. ಬಿಹಾರದಲ್ಲಿ ಅಳಿಸಲು ಸರ್ಕಾರಿ ಆದೇಶ ಬೇಕಾಯಿತು, ಲಕ್ಷ ಸಿಬ್ಬಂದಿ ಬೇಕಾಯಿತು. ಆಳಂದದಲ್ಲಿ, 2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಅದು ಸ್ವಂತ ಉದ್ಯಮವಾಗಿ ಅರಳಿತು. ಹೆಸರು ತೆಗೆಯಿರೆಂದು ಕೋರುವ ನಮೂನೆ 7, ಆನ್‌ಲೈನಿನಲ್ಲಿ, 6,018 ಅರ್ಜಿಗಳು. ಪರಿಶೀಲಿಸಿದಾಗ 24 ಸರಿಯಿದ್ದವು, 5,994 ಸರಿಯಿರಲಿಲ್ಲ. ಅರ್ಜಿದಾರರೆಂದು ಹೆಸರಿದ್ದವರಿಗೆ ತಾವು ಅರ್ಜಿ ಹಾಕಿದ್ದೇ ಗೊತ್ತಿರಲಿಲ್ಲ. ಯಾರ ಹೆಸರು ಹೋಗಬೇಕಿತ್ತೋ ಅವರಿಗೂ ಗೊತ್ತಿರಲಿಲ್ಲ. ಫಲಾಪೇಕ್ಷೆಯನ್ನು ಬಿಟ್ಟು ಕರ್ಮ ಮಾಡುವವರ ವಿಷಯ ಕೇಳಿದ್ದೇವೆ. ಮಾಡಿದ್ದು ತಮಗೇ ತಿಳಿಯದಂತೆ ಕರ್ಮ ಮಾಡಿದವರು ಆಳಂದದವರು ಮಾತ್ರ. ಬೂತ್ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಸ್ವಂತ ಬಂಧುವಿನ ಹೆಸರೇ ಹೋಗುತ್ತಿರುವುದನ್ನು ಕಂಡು, ಅರ್ಜಿ ಹಾಕಿದ್ದಾರೆನ್ನಲಾದ ನೆರೆಯವರನ್ನು ಕೇಳಿದ್ದರಿಂದ ಎಲ್ಲ ಕೆಟ್ಟಿತು. ಆ ಅಧಿಕಾರಿಗೆ ಬಂಧುಬಳಗದ ಮೇಲೆ ಅಷ್ಟು ಅಕ್ಕರೆ ಇಲ್ಲದಿದ್ದರೆ ಎಷ್ಟು ನಯವಾಗಿ ಮುಗಿಯುತ್ತಿತ್ತು! 2023ರ ಫೆಬ್ರುವರಿಯಲ್ಲಿ ಪ್ರಕರಣ ದಾಖಲಾಯಿತು. ತನಿಖೆ ಮಾಡುತ್ತಿದ್ದ ಸಿಐಡಿ ಇನ್ನಷ್ಟು ತಾಂತ್ರಿಕ ವಿವರ ಕೊಡಿ ಎಂದು ಮತ್ತೆ ಮತ್ತೆ ಪತ್ರ ಬರೆಯಿತು. ಆಯೋಗ ತನ್ನಲ್ಲಿದ್ದದ್ದನ್ನೆಲ್ಲ 2023ರ ಸೆಪ್ಟೆಂಬರಿನಲ್ಲೇ ಕೊಟ್ಟಾಗಿದೆ ಎಂದಿತು. ಆಮೇಲೆ ಬಂದ ವಿಶೇಷ ತನಿಖಾ ತಂಡ, ಒಂದು ಅರ್ಜಿಗೆ 80 ರೂಪಾಯಿ ದರವಿತ್ತೆಂದು ಕಂಡುಕೊಂಡಿತೆಂದು ಪತ್ರಿಕೆಗಳು ಬರೆದವು. ಎಂಬತ್ತು ರೂಪಾಯಿ! ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರ ಇಬ್ಬರು ಗೆಳೆಯರು ಸುಸಲಾ, ಮಿರ್ಚಿ ತಿಂದು ಚಹಾ ಕುಡಿದು ಏಳುವಷ್ಟು ದುಡ್ಡು. ಚುನಾವಣೆಯಲ್ಲಿ ಒಂದು ಮತಕ್ಕೆ ಸಾವಿರಗಟ್ಟಲೆ ಸುರಿಯುತ್ತಾರೆಂದು ಮರುಗುವ ಅರ್ಥಶಾಸ್ತ್ರಜ್ಞರು ಈ ಮಿತವ್ಯಯವನ್ನು ಗಮನಿಸಬೇಕು. ಮತವನ್ನು ಕೊಳ್ಳುವುದಕ್ಕಿಂತ ಮತದಾರನನ್ನು ಕಳೆಯುವುದು ಅಗ್ಗ.

ತಮ್ಮ ಕರುಣೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಬಿನ್ನವತ್ತಳೆ ಅಪೂರ್ಣ. ಹೆಸರು ಹೋದವನನ್ನು ತಾವು ಎಂದೂ ಕೈಬಿಡುವುದಿಲ್ಲ. ಅವನು ಮೊದಲು ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು, ಅಲ್ಲಿ ಆಗದಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ದಿನಗೂಲಿ ಬಿಟ್ಟು, ಬಸ್ಸು ಹಿಡಿದು, ಜೆರಾಕ್ಸ್ ಮಾಡಿಸಿ, ಮಧ್ಯಾಹ್ನ ಸಾಹೇಬರು ಊಟಕ್ಕೆ ಹೋಗಿದ್ದಾರೆಂದು ಕಟ್ಟೆಯ ಮೇಲೆ ಕೂತು, ಸಂಜೆ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆಂದು ಎದ್ದು, ನಾಳೆ ಮತ್ತೆ ಬಂದು, ತಾನು ಬದುಕಿದ್ದೇನೆಂದು ಬರವಣಿಗೆಯಲ್ಲಿ ಬಿನ್ನವಿಸಿಕೊಳ್ಳುವ ಅವಕಾಶ ಅವನಿಗೆ ಪೂರ್ತಿಯಾಗಿ ಇದೆ. ತನ್ನ ಅಸ್ತಿತ್ವದ ಬಗ್ಗೆ ಇಷ್ಟು ಆಳವಾಗಿ ಚಿಂತಿಸಲು ಹಿಂದಿನ ಕಾಲದಲ್ಲಿ ಹಿಮಾಲಯಕ್ಕೆ ಹೋಗಬೇಕಿತ್ತು. ತಾವು ಅದನ್ನು ಜಿಲ್ಲಾಧಿಕಾರಿ ಕಚೇರಿಯ ಕಾರಿಡಾರಿನಲ್ಲಿ ಒದಗಿಸಿದ್ದೀರಿ.

ಆದ್ದರಿಂದ, ಘನತೆವೆತ್ತ ಅಳಿಸುವ ಕೈಯೇ, ಈ ಶಾಲನ್ನೂ, ಈ ಗಂಧದ ಹಾರವನ್ನೂ, ಒಂದು ಬುಟ್ಟಿ ಕಿತ್ತಳೆಯನ್ನೂ, ಬೆಳ್ಳಿಯ ತಟ್ಟೆಯಲ್ಲಿಟ್ಟ ಒಂದು ರಬ್ಬರನ್ನೂ ಸ್ವೀಕರಿಸಿ ನಮ್ಮನ್ನು ಅನುಗ್ರಹಿಸಬೇಕೆಂದು ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ಅಭಿಮಾನಿಗಳಾದ ನಾಗರಿಕರು,

(ಇಲ್ಲಿ ಸಹಿ ಮಾಡಬೇಕಿದ್ದವರ ಹೆಸರುಗಳನ್ನು ತೆಗೆದಿಲ್ಲ, ಸೇರಿಸಿಲ್ಲ, ಅಷ್ಟೆ.)